ಒಂದು ಗೇಣಿನ ಮೋಸ

ನನಗೆ ಮೋಸ ಮಾಡಿದವನು ಹೆಚ್ಚೇನೂ ಮಾಡಲಿಲ್ಲ, ಒಂದು ಗೇಣು ಮೋಸ ಮಾಡಿದ. ಕೈ ಅಗಲಿಸಿದರೆ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಎಷ್ಟಾಗುತ್ತದೋ ಅಷ್ಟು. ಇನ್ನೊಬ್ಬಳ ಹಿಂದೆ ಹೋಗಲಿಲ್ಲ, ಮದುವೆಯಾಗಿರುವುದನ್ನು ಮುಚ್ಚಿಡಲಿಲ್ಲ, ಊರು ಬಿಟ್ಟು ಓಡಿಹೋಗಲಿಲ್ಲ. ಅಂಥದ್ದೇನಾದರೂ ಮಾಡಿದ್ದರೆ ಅಕ್ಕನ ಜೊತೆ ಕೂತು ಚೆನ್ನಾಗಿ ಬೈದು, ಒಂದು ಲೋಟ ಟೀ ಕುಡಿದು ಮರೆತುಬಿಡಬಹುದಿತ್ತು. ಇದನ್ನು ಹೇಳಿದರೆ ಅರ್ಧ ಜನಕ್ಕೆ ಮೋಸ ಎಲ್ಲಾಯಿತು ಅಂತಲೇ ತಿಳಿಯುವುದಿಲ್ಲ. ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ಅವನನ್ನು ಮೊದಲ ಸಲ ಕಂಡಾಗ ಅವನು ನೆಲ ಒರೆಸುತ್ತಿದ್ದ.

ಟೈರ್ ಅಂಗಡಿಯ ಮೇಲಿನ ಹಾಲ್ ಅದು. ಮೆಟ್ಟಿಲು ಹತ್ತುವಾಗ ರಬ್ಬರಿನ ವಾಸನೆ, ಮೇಲೆ ಹೋದರೆ ಬೆವರಿನ ವಾಸನೆ. ಒಂದು ಮೂಲೆಯಲ್ಲಿ ಹಗ್ಗ ಸಡಿಲವಾದ ಬಾಕ್ಸಿಂಗ್ ರಿಂಗ್, ಇನ್ನೊಂದು ಕಡೆ ಸೂರಿನಿಂದ ನೇತುಬಿದ್ದ ಗುದ್ದುವ ಚೀಲಗಳು, ಗೋಡೆಯುದ್ದಕ್ಕೂ ಕನ್ನಡಿ. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮುಗಿಸಿ ನೇರ ಅಲ್ಲಿಗೆ ಬಂದಿದ್ದೆ. ಇಡೀ ದಿನ ಜನರ ಮೂಗಿನ ಮೇಲೆ ಗಾಜು ಬದಲಿಸುತ್ತಾ "ಈಗ ಸ್ಪಷ್ಟ ಕಾಣುತ್ತಾ? ಹಿಂದಿನದೇ ಚೆನ್ನಾಗಿತ್ತಾ?" ಎಂದು ಕೇಳುವ ಕೆಲಸ. ಬಾಯಿ ಬಿಡದೆ ನುಂಗಿದ ಸಿಟ್ಟೆಲ್ಲ ಮನೆಗೆ ಹೋದ ಮೇಲೆ ಪಾತ್ರೆಗಳ ಮೇಲೆ ತಿರುಗುತ್ತಿತ್ತು. ನನ್ನಕ್ಕ ಟೈಲರ್. ಒಂದು ದಿನ ಹೊಲಿಗೆ ಮಿಷನ್ ನಿಲ್ಲಿಸಿ, "ನನ್ನ ಪಾತ್ರೆ ಬಿಟ್ಟು ಬೇರೆ ಏನನ್ನಾದ್ರೂ ಕುಟ್ಟು ಹೋಗೇ" ಎಂದು ಗದರಿದ್ದಳು.

"ಮೇಷ್ಟ್ರು ಇದಾರಾ?" ಎಂದೆ.

"ದೊಡ್ಡೋರಾ, ಚಿಕ್ಕೋರಾ?" ತಲೆ ಎತ್ತದೆ ಕೇಳಿದ.

"ಕಲಿಸೋಕೆ ಬರೋರು ಯಾರಾದ್ರೂ ಸರಿ. ನೆಲ ಒರೆಸೋರನ್ನ ಬಿಟ್ಟು."

ಅವನು ಕೋಲನ್ನು ಗೋಡೆಗೆ ಒರಗಿಸಿ, ನಿಧಾನಕ್ಕೆ ಕೈ ಒರೆಸಿಕೊಂಡ. "ದೊಡ್ಡ ಮೇಷ್ಟ್ರು ಟೀ ಕುಡಿಯೋಕೆ ಹೋಗಿದಾರೆ. ಚಿಕ್ಕ ಮೇಷ್ಟ್ರು ನೆಲ ಒರೆಸ್ತಿದ್ರು, ಈಗ ನಿಲ್ಸಿದಾರೆ. ಯಾರು ಬೇಕು?"

ನನ್ನ ಕಿವಿ ಬಿಸಿಯಾಯಿತು. ಅವನು ನಗಲಿಲ್ಲ. ಆದರೆ ನಗು ಕಣ್ಣಿನವರೆಗೆ ಬಂದು ಅಲ್ಲೇ ತಡೆದು ಕೂತಿದೆ ಅನ್ನುವುದು ನನಗೆ ಚೆನ್ನಾಗಿ ಕಾಣುತ್ತಿತ್ತು.

"ಮುಷ್ಟಿ ಹಿಡೀರಿ, ನೋಡೋಣ."

ಹಿಡಿದೆ.

"ಹೆಬ್ಬೆರಳನ್ನ ಯಾಕೆ ಒಳಗೆ ಬಚ್ಚಿಟ್ಟಿದೀರಿ? ಯಾರಾದ್ರೂ ಕದ್ಕೊಂಡು ಹೋಗ್ತಾರಾ?" ನನ್ನ ಹೆಬ್ಬೆರಳನ್ನು ಹೊರಗೆ ತೆಗೆದು, ಮಡಚಿದ ಬೆರಳುಗಳ ಮೇಲೆ ಅಡ್ಡಕ್ಕೆ ಇಟ್ಟ. "ಹೀಗೆ. ಒಳಗಿಟ್ಟು ಗುದ್ದಿದ್ರೆ ಮುರಿಯೋದು ಅವರ ಮೂಗಲ್ಲ, ನಿಮ್ಮ ಬೆರಳು."

ಮನೆಗೆ ಹೋದ ಮೇಲೂ ಆ ಹೆಬ್ಬೆರಳು ಅವನು ಇಟ್ಟಲ್ಲೇ ಇತ್ತು. ಅಕ್ಕ ಊಟಕ್ಕೆ ಬಡಿಸಿ, "ಮುಷ್ಟಿ ಬಿಚ್ಚೇ, ತಟ್ಟೆ ಹೊಡೆದುಹಾಕ್ತೀಯಾ ಏನು?" ಎಂದಳು.

ಮೊದಮೊದಲು ಗುದ್ದಲು ಬಿಡಲೇ ಇಲ್ಲ. ಕೈ ಎಲ್ಲಿರಬೇಕು ಅನ್ನುವುದೇ ಪಾಠ.

"ಎರಡೂ ಕೈ ಕೆನ್ನೆ ಪಕ್ಕ. ಎರಡು ಕಿವಿಗೂ ಫೋನ್ ಹಿಡ್ಕೊಂಡ ಹಾಗೆ."

"ಎರಡು ಫೋನಲ್ಲಿ ಯಾರ ಹತ್ರ ಮಾತಾಡ್ಲಿ?"

"ಒಂದರಲ್ಲಿ ನಿಮ್ಮಕ್ಕ ಬೈತಿದಾರೆ ಅಂದ್ಕೊಳ್ಳಿ."

"ಇನ್ನೊಂದರಲ್ಲಿ?"

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. "ಅದು ರಿಂಗ್ ಆಗ್ತಾ ಇದೆ. ನೀವಿನ್ನೂ ಎತ್ತಿಲ್ಲ."

ಮೊಣಕೈ ಪಕ್ಕೆಗೆ ಅಂಟಿಕೊಂಡಿರಬೇಕು. ಗದ್ದ ಕೆಳಗೆ, ಕಣ್ಣು ಮಾತ್ರ ಮೇಲೆ. ಎಡಗೈ ನೇರ ಹೋಗಬೇಕು, ಕೊನೆಯಲ್ಲಿ ಅಂಗೈ ನೆಲಕ್ಕೆ ತಿರುಗಬೇಕು, ತಾಗುವುದು ಮೊದಲ ಎರಡು ಬೆರಳಿನ ಗೆಣ್ಣು ಮಾತ್ರ. "ಹೋದ ಕೈ ಹೋದ ದಾರೀಲೇ ವಾಪಸ್ ಬರ್ಬೇಕು. ದಾರೀಲಿ ನಿಂತು ಹರಟೆ ಹೊಡೀಬಾರ್ದು" ಎಂದು ಅವನು ದಿನವೂ ಹೇಳುತ್ತಿದ್ದ. ನನ್ನ ಕೈ ವಾಪಸ್ ಬರುತ್ತಿತ್ತು. ಕಣ್ಣು ಅವನ ಮುಖದ ಹತ್ತಿರ ಹರಟೆ ಹೊಡೆಯುತ್ತಾ ನಿಂತುಬಿಡುತ್ತಿತ್ತು.

ದೊಡ್ಡ ಮೇಷ್ಟ್ರದು ಬೇರೆಯೇ ರೀತಿ. ಅವರ ಬಾಯಲ್ಲಿ "ಹೂಂ" ಬಂದರೆ ಅದೇ ಬಹುಮಾನ. ನಮ್ಮ ಗುದ್ದು ತಡೆಯಲು ಕೈಗೆ ಚಪ್ಪಟೆ ಪ್ಯಾಡ್ ಹಾಕಿಕೊಂಡು ನಿಂತರೆ ಗೋಡೆಗೆ ಮೊಳೆ ಹೊಡೆದ ಹಾಗೆ, ಅಲುಗಾಡುತ್ತಿರಲಿಲ್ಲ. "ಬಲಗೈ ಭುಜದಿಂದ ಹೊರಡಲ್ಲಮ್ಮ. ಹಿಂದಿನ ಕಾಲಿನ ಹಿಮ್ಮಡಿಯಿಂದ ಹೊರಡುತ್ತೆ. ಹಿಮ್ಮಡಿ ತಿರುಗ್ಲಿ, ಸೊಂಟ ತಿರುಗ್ಲಿ, ಇನ್ನೂ ಬರ್ಲಿ, ಇನ್ನೂ ಬರ್ಲಿ" ಎನ್ನುತ್ತಿದ್ದರು. ನಾನು ಅಷ್ಟು ದೂರ ಹೋಗಿ ತಟ್ಟಿದರೆ ಬರುತ್ತಿದ್ದದ್ದು "ಧಪ್" ಅನ್ನುವ ಸಣ್ಣ ಸದ್ದು. ಅಷ್ಟರಲ್ಲಿ ಅವರ ಮೊಣಕಾಲು ಕೈಕೊಟ್ಟಿತು. ಆಪರೇಷನ್, ಆಮೇಲೆ ಮಗಳ ಮನೆಯಲ್ಲಿ ವಿಶ್ರಾಂತಿ. ನಾನು ಪೂರ್ತಿ ಚಿಕ್ಕ ಮೇಷ್ಟ್ರ ಪಾಲಿಗೆ ಬಂದೆ.

ಪ್ರತಿ ಸಂಜೆ ಅವನೇ ನನ್ನ ಕೈಗೆ ಪಟ್ಟಿ ಸುತ್ತುತ್ತಿದ್ದ. ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿನ ಮೇಲೆ ಮೂರು ಸುತ್ತು, ಆಮೇಲೆ ಒಂದೊಂದೇ ಬೆರಳಿನ ಸಂದಿಯಲ್ಲಿ. ತಲೆ ತಗ್ಗಿಸಿ ಸುತ್ತುವಾಗ ಅವನ ಕಣ್ರೆಪ್ಪೆ ಇಷ್ಟುದ್ದ ಇದೆ ಅಂತ ನನಗೆ ಮಾತ್ರ ಗೊತ್ತಿತ್ತು.

"ಬಿಗಿ ಆಯ್ತಾ?"

"ಸ್ವಲ್ಪ ಸಡಿಲ."

ಅವನು ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತುತ್ತಿದ್ದ. ಸಡಿಲ ಇರಲಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಒಂದು ದಿನ ಅಂಗಡಿಯಲ್ಲಿ ಒಬ್ಬ ಗಿರಾಕಿ ಕನ್ನಡಕವನ್ನು ಕೌಂಟರ್ ಮೇಲೆ ಎಸೆದು ಕೂಗಾಡಿದ. ತಪ್ಪು ಅವನದೇ, ಹಳೇ ನಂಬರನ್ನೇ ಹಾಕಿ ಅಂತ ಹಟ ಹಿಡಿದವನು ಅವನೇ. ಆದರೂ ಮಾಲೀಕರು ನನ್ನ ಕೈಲೇ ಕ್ಷಮೆ ಕೇಳಿಸಿದರು. ಆವತ್ತು ಊದಿದ ಕಣ್ಣಲ್ಲಿ ಹಾಲ್‌ಗೆ ಬಂದೆ. ಅವನು ಪ್ಯಾಡ್ ಹಾಕಿಕೊಂಡು, "ಬಲಗೈ" ಎಂದ.

ಹೊಡೆದೆ. ಫಟ್!

ಇಡೀ ಹಾಲ್ ತಿರುಗಿ ನೋಡಿತು. ಅಂಥ ಸದ್ದು ನನ್ನ ಕೈಯಿಂದ ಬಂದೇ ಇರಲಿಲ್ಲ. ಇನ್ನೊಂದು ಹೊಡೆದೆ. ಫಟ್! ನನಗೆ ನಗು ಬಂತು, ಅಳುವ ಮುಖದಲ್ಲೇ ಬಂತು. ಅವನು ನನ್ನ ನಗುವನ್ನೇ ನೋಡುತ್ತಾ ನಿಂತ. "ಇದು ಕೈಯಲ್ಲ, ಪಟಾಕಿ" ಎಂದ. ಅವತ್ತಿನಿಂದ ಎಲ್ಲರ ಬಾಯಲ್ಲೂ ನಾನು ಪಟಾಕಿ.

ಆಮೇಲೆ ದಿನವೂ ಆ ಸದ್ದು ಬಂತು. ಚೀಲಕ್ಕೆ ಹೊಡೆದಾಗ ಮಾತ್ರ ಬರುತ್ತಿರಲಿಲ್ಲ. ಯಾಕೆ ಎಂದರೆ "ಚೀಲ ಹಳೇದು, ಒಳಗಿನ ಬಟ್ಟೆಯೆಲ್ಲ ಗಂಟಾಗಿದೆ" ಎಂದ. ನಂಬಿದೆ. ಒಂದು ಸಂಜೆ ನನ್ನ ಬಲಗೈ ಪ್ಯಾಡಿಗೆ ತಾಗದೆ ಗಾಳಿಗೆ ಹೋಯಿತು. ಕಾಲು ಜಾರಿತು ಎಂದೆ. ಅವನು ನನ್ನ ಕಾಲ ಕೆಳಗೆ ನೋಡಿ, "ಹೌದು, ನೆಲ ಒದ್ದೆ" ಎಂದ. ಅದನ್ನೂ ನಂಬಿದೆ.

ಯಾವಾಗ 'ನೀವು' ಹೋಗಿ 'ನೀನು' ಬಂತು ಅನ್ನುವುದು ನನಗೆ ಸರಿಯಾಗಿ ನೆನಪಿದೆ. ಕೆಳಗೆ ಟೈರ್‌ಗಳ ಮೇಲೆ ಕೂತು ಟೀ ಕುಡಿಯುತ್ತಿದ್ದೆವು.

"ನೀನು ನಕ್ಕರೆ ಎಡಗಡೆ ಒಂದು ಹಲ್ಲು ಮೊದಲು ಹೊರಗೆ ಬರುತ್ತೆ, ಚಂದ ಕಾಣುತ್ತೆ" ಎಂದ.

"ನೀನು ಅಂದ್ರಿ."

"ಅಂದೆ. ವಾಪಸ್ ತಗೊಳ್ಲಾ?"

"ಹೋದ ದಾರೀಲೇ ವಾಪಸ್ ಬರ್ಬೇಕು ಅಂತ ಹೇಳೋರು ನೀವೇ ಅಲ್ವಾ?"

"ಇದೊಂದು ಬೇಡ. ಅಲ್ಲೇ ಇರ್ಲಿ."

"ಸರಿ" ಎಂದೆ. ಸ್ವಲ್ಪ ಹೊತ್ತು ಬಿಟ್ಟು, "ನಿನ್ನ ಟೀ ಆರ್ತಿದೆ" ಎಂದೆ. ಅವನು ಆರಿದ ಟೀಯನ್ನೇ ಬಿಸಿ ಇದ್ದ ಹಾಗೆ ಊದಿ ಊದಿ ಕುಡಿದ.

ಹೆಸರು ಕೊಟ್ಟಿದ್ದ ಸೆಲೆಕ್ಷನ್ ಪಂದ್ಯ ಹತ್ತಿರ ಬಂತು. ಗೆದ್ದವರಿಗೆ ದೂರದ ಊರಿನ ಕ್ಯಾಂಪ್, ಒಂದು ವರ್ಷ ಅಲ್ಲೇ ಇದ್ದು ತರಬೇತಿ. ಕನ್ನಡಕದ ಅಂಗಡಿಗೆ, ಎಸೆಯುವ ಗಿರಾಕಿಗಳಿಗೆ, ಕೇಳಬೇಕಿಲ್ಲದ ಕ್ಷಮೆಗಳಿಗೆ ಒಂದು ದೊಡ್ಡ ನಮಸ್ಕಾರ. ನನಗೆ ಅದು ಬೇಕಾಗಿತ್ತು, ಬೇರೆ ಯಾವುದೂ ಅಷ್ಟು ಬೇಕಾಗಿರಲಿಲ್ಲ. ಅವನನ್ನು ಬಿಟ್ಟು ಒಂದು ವರ್ಷ ಹೇಗಿರುವುದು ಅಂತ ದಿನವೂ ಯೋಚನೆ ಬರುತ್ತಿತ್ತು. ಆದರೂ ಬೇಕಾಗಿತ್ತು.

ಅಕ್ಕ ರಿಂಗಿಗೆ ಹಾಕಿಕೊಂಡು ಹೋಗಲು ಒಂದು ಕೆಂಪು ಜಾಕೆಟ್ ಹೊಲಿಯಲು ಕೂತಳು. "ತೋಳು ಹಿಡೀಬಾರ್ದು. ಗುದ್ದೋ ಹಾಗೇ ಕೈ ಚಾಚು, ಅಳತೆ ತಗೋತೀನಿ."

ಎಡಗೈ ಚಾಚಿದೆ. ಬಲಗೈ ಚಾಚಿದೆ.

"ಪೂರ್ತಿ ಚಾಚೇ."

"ಇದೇ ಪೂರ್ತಿ."

"ಮೊಣಕೈ ಮಡಚ್ಕೊಂಡಿದೆಯಲ್ಲೇ. ಅರ್ಧದಲ್ಲಿ ಯಾಕೆ ನಿಂತ್ಹೋಗುತ್ತೆ?"

"ಅದು ಟೆಕ್ನಿಕ್ ಅಕ್ಕ. ನಿಂಗೆ ಗೊತ್ತಾಗಲ್ಲ."

"ಓಹೋ, ಟೆಕ್ನಿಕ್" ಎಂದು ಅಕ್ಕ ಟೇಪ್ ಸುತ್ತಿ ಕುತ್ತಿಗೆಗೆ ಹಾಕಿಕೊಂಡಳು. ಮರುದಿನ ಹಾಲ್‌ಗೆ ಬಂದು ನಾವಿಬ್ಬರೂ ಪ್ಯಾಡ್ ಹೊಡೆಯುವುದನ್ನು ಫೋನಲ್ಲಿ ವಿಡಿಯೋ ತೆಗೆದಳು. "ನಿಮ್ಮ ಮೇಷ್ಟ್ರು ನೋಡೋ ನೋಟಕ್ಕೆ ಬೇರೆ ಫೀಸ್ ಇದೆಯಾ?" ಎಂದು ಕಿವಿಯಲ್ಲಿ ಕೇಳಿದಳು. ಆ ವಿಡಿಯೋ ನನ್ನ ಫೋನಿಗೆ ಬಂದ ಮೇಲೆ ಎಷ್ಟು ಸಲ ನೋಡಿದೆನೋ. ಪ್ರತಿ ಸಲವೂ ಅವನ ಮುಖವನ್ನೇ ನೋಡಿದೆ.

ಪಂದ್ಯದ ದಿನ ಪಟ್ಟಿ ಸುತ್ತುವಾಗ ಅವನ ಬೆರಳು ತಣ್ಣಗಿತ್ತು. "ಗೆದ್ರೂ ಸೋತ್ರೂ ನಿಂಗೊಂದು ಮಾತು ಹೇಳ್ಬೇಕು" ಎಂದ.

"ಈಗ್ಲೇ ಹೇಳು."

"ಈಗ ಬೇಡ."

ನನಗೆ ಗೊತ್ತು ಆ ಮಾತು ಏನು ಅಂತ ಅಂದುಕೊಂಡೆ. ರಿಂಗಿನ ಮೆಟ್ಟಿಲನ್ನು ಹಾರಿಕೊಂಡೇ ಹತ್ತಿದೆ.

ಎದುರಾಳಿ ಉದ್ದದ ಹುಡುಗಿ, ಅವಳ ಕಡೆಯವರು 'ಏಣಿ, ಏಣಿ' ಎಂದು ಕೂಗುತ್ತಿದ್ದರು. ಮೊದಲ ರೌಂಡಿನಲ್ಲೇ ಅವಳ ಕೈ ಸ್ವಲ್ಪ ಇಳಿಯಿತು. ನನ್ನ ಬಲಗೈ ಹೊರಟಿತು. ಪಟಾಕಿ ಸಿಡಿಯಬೇಕಿತ್ತು. ಏನೂ ಆಗಲಿಲ್ಲ. ಗ್ಲೌಸ್ ಅವಳ ಗದ್ದದಿಂದ ಒಂದು ಗೇಣು ಈಚೆ ನಿಂತಿತ್ತು.

ಹಿಂದೆ ಸರಿದಳು ಅಂದುಕೊಂಡೆ. ಮತ್ತೆ ಹೊಡೆದೆ. ಮತ್ತೆ ಒಂದು ಗೇಣು. ಮೂರನೇ ಸಲ ಕಣ್ಣು ಬಿಟ್ಟು ನೋಡಿದೆ, ಅವಳು ಸರಿಯುತ್ತಲೇ ಇರಲಿಲ್ಲ. ನಿಂತಲ್ಲೇ ನಿಂತು, ನನ್ನ ಕೈ ತನ್ನ ಮೂಗಿನ ಮುಂದೆ ಬಂದು ನಿಲ್ಲುವುದನ್ನು ನೋಡಿ, ಆಮೇಲೆ ಆರಾಮಾಗಿ ನನಗೆ ಹೊಡೆಯುತ್ತಿದ್ದಳು. ಯಾರೋ ನಕ್ಕಿದ್ದು ಕೇಳಿಸಿತು.

ಮೂಲೆಗೆ ಬಂದು ಕೂತಾಗ "ನನ್ನ ಕೈಗೆ ಏನಾಗಿದೆ?" ಎಂದೆ.

"ಹತ್ರ ಹೋಗು. ಇನ್ನೂ ಹತ್ರ ಹೋಗು" ಎಂದ. ನನ್ನ ಬಾಯಿಗೆ ನೀರು ಹಾಕುತ್ತಿದ್ದ, ಕಣ್ಣನ್ನು ನೋಡುತ್ತಿರಲಿಲ್ಲ.

ಹತ್ತಿರ ಹೋದೆ. ಮೂಗು ಒಡೆಸಿಕೊಂಡೆ. ತೀರ್ಪುಗಾರರು ಅವಳ ಕೈ ಎತ್ತಿದಾಗ ನಾನು ನನ್ನ ಬಲಗೈಯನ್ನೇ ನೋಡುತ್ತಿದ್ದೆ. ಅದು ಬೇರೆ ಯಾರದೋ ಕೈ ಅನ್ನಿಸುತ್ತಿತ್ತು.

ದೊಡ್ಡ ಮೇಷ್ಟ್ರು ಊರುಗೋಲು ಹಿಡಿದು ನೋಡಲು ಬಂದಿದ್ದರು. ನನ್ನ ಮೂಗಿಗೆ ಹತ್ತಿ ಇಟ್ಟು, "ಬಲಗೈಗೆ ಏನ್ ಮಾಡ್ಕೊಂಡೆಯಮ್ಮ? ನಾನು ಹೋಗೋವಾಗ ಚೆನ್ನಾಗಿತ್ತಲ್ಲ" ಎಂದರು. ಹಾಗೆ ಹೇಳಿ ಚಿಕ್ಕ ಮೇಷ್ಟ್ರ ಕಡೆ ನೋಡಿದರು. ಅವನು ಬಕೆಟ್ ಎತ್ತಿಕೊಂಡು ಹೊರಗೆ ಹೋದ. ಹೇಳಬೇಕೆಂದಿದ್ದ ಮಾತನ್ನು ಹೇಳಲಿಲ್ಲ.

ಮನೆಗೆ ಬಂದು ಮಲಗಿದಲ್ಲೇ ಆ ವಿಡಿಯೋ ಹಾಕಿದೆ. ಸೋತ ದಿನ ಅವನ ಮುಖವನ್ನಾದರೂ ನೋಡೋಣ ಅಂತ ಹಾಕಿದ್ದು. ಆದರೆ ಆವತ್ತು ಮುಖ ನೋಡುತ್ತಾ ನೋಡುತ್ತಾ ಕಣ್ಣು ಕೆಳಗಿಳಿದು ಅವನ ಕೈಗಳ ಮೇಲೆ ನಿಂತಿತು.

ನನ್ನ ಮುಷ್ಟಿ ಹೊರಡುತ್ತಿದ್ದಂತೆ ಅವನ ಅಂಗೈ ಎದುರಿಗೆ ಬರುತ್ತಿತ್ತು, ನೆಂಟರನ್ನು ಕರೆತರಲು ಬಸ್‌ ಸ್ಟ್ಯಾಂಡಿಗೆ ಹೋಗುವವರ ಹಾಗೆ. ಅರ್ಧ ದಾರಿಯಲ್ಲೇ ನನ್ನ ಕೈಯನ್ನು ಎದುರುಗೊಂಡು, ಪ್ಯಾಡನ್ನು ತಾನೇ ಅದರ ಮೇಲೆ ಬಡಿಯುತ್ತಿದ್ದ. ಫಟ್. ಮತ್ತೆ ಫಟ್. ಸದ್ದು ಮಾಡುತ್ತಿದ್ದವನು ಅವನು. ನಾನು ಹೊಡೆಯುತ್ತಲೇ ಇರಲಿಲ್ಲ, ಹೊಡೆಯುವವಳ ಹಾಗೆ ಕಾಣುವಂತೆ ಅವನು ಮಾಡುತ್ತಿದ್ದ. ಅಷ್ಟು ತಿಂಗಳು ಹಾಗೆ ಮಾಡಿ ಮಾಡಿ ನನ್ನ ಕೈ ಅಲ್ಲೇ ನಿಲ್ಲುವುದನ್ನು ಕಲಿತುಬಿಟ್ಟಿತ್ತು.

ಊರಿನವರ ಕಣ್ಣೆಲ್ಲ ಪರೀಕ್ಷೆ ಮಾಡುವವಳು ನಾನು. ಫೋನನ್ನು ಎದೆಯ ಮೇಲೆ ಮಗುಚಿಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಅಕ್ಕ ಬಂದು ಪಕ್ಕದಲ್ಲಿ ಕೂತಳು. ವಿಷಯ ಕೇಳಿ, "ಗೇಣು ಕಮ್ಮಿ ತೋಳು ಹೊಲಿದ್ರೆ ಗಿರಾಕಿ ನನ್ನ ಮುಖಕ್ಕೆ ಎಸೀತಾರೆ. ನೀನೂ ಹೋಗಿ ಎಸಿ" ಎಂದಳು.

ಬೆಳಿಗ್ಗೆ ಹಾಲ್‌ಗೆ ಹೋದಾಗ ಅವನೊಬ್ಬನೇ ಇದ್ದ.

"ಮೂಗು ಇನ್ನೂ ಊದಿದೆ. ಇವತ್ತು ಯಾಕೆ ಬಂದೆ?"

"ಪ್ಯಾಡ್ ಹಾಕ್ಕೊಳ್ಳಿ, ಮೇಷ್ಟ್ರೇ."

ಅವನ ಮುಖ ಸಣ್ಣದಾಯಿತು. ಹಾಕಿಕೊಂಡ.

"ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಮೊಣಕೈ ಗೋಡೆಗೆ ತಾಗ್ಲಿ. ಹಾಂ, ಹಾಗೇ."

ಯಾವಾಗಲೂ ನಿಲ್ಲುವಷ್ಟೇ ದೂರದಲ್ಲಿ ನಿಂತು ಬಲಗೈ ಹೊಡೆದೆ. ಪ್ಯಾಡಿಗೂ ನನ್ನ ಮುಷ್ಟಿಗೂ ನಡುವೆ ಗಾಳಿ ಇತ್ತು. ಇನ್ನೊಂದು ಹೊಡೆದೆ. ಅಷ್ಟೇ ಗಾಳಿ. ಅವನ ಮೊಣಕೈ ಗೋಡೆ ಬಿಟ್ಟು ಮುಂದೆ ಬರಲು ಹೊರಟು, ತಡೆದುಕೊಂಡಿತು. ಅಷ್ಟು ಅಭ್ಯಾಸವಾಗಿತ್ತು ಅದಕ್ಕೆ.

"ಯಾವಾಗ ಗೊತ್ತಾಯ್ತು ನಿಮಗೆ?"

ಅವನು ಪ್ಯಾಡ್ ಕೆಳಗಿಳಿಸಿದ. "ಶುರುವಿಗೆ ಗೊತ್ತಿರ್ಲಿಲ್ಲ. ಆವತ್ತು ಅತ್ಕೊಂಡು ಬಂದಿದ್ದೆಯಲ್ಲ. ಒಂದ್ಸಲ ಒಳ್ಳೇ ಸದ್ದು ಬರ್ಲಿ ಅಂತ ಕೈ ಮುಂದೆ ತಂದೆ. ನೀನು ನಕ್ಕೆ. ಮಾರನೇ ದಿನಾನೂ ನಗ್ಲಿ ಅನ್ನಿಸ್ತು."

"ಆಮೇಲೆ?"

"ಸೆಲೆಕ್ಷನ್‌ಗೆ ಹೆಸರು ಕೊಟ್ಟ ಮೇಲೆ ಒಂದಿನ ಕೈ ಹಿಂದೇನೇ ಇಟ್ಟು ನೋಡ್ದೆ. ತಲುಪ್ಲಿಲ್ಲ. ನೀನು ಕಾಲು ಜಾರ್ತು ಅಂದೆ."

"ನೀವು ನೆಲ ಒದ್ದೆ ಅಂದ್ರಿ."

"ಅಂದೆ."

"ಆವತ್ತೇ ಹೇಳಿದ್ರೆ ಸರಿ ಮಾಡ್ಕೊಳ್ಳೋಕೆ ಟೈಮ್ ಇತ್ತು."

"ಹೇಳಿದ್ರೆ ಅಷ್ಟು ದಿನ ಹೊಗಳಿದ್ದೆಲ್ಲ ಸುಳ್ಳು ಅಂತ ಹೇಳ್ಬೇಕಾಗಿತ್ತು. ಧೈರ್ಯ ಬರ್ಲಿಲ್ಲ."

"ಅಷ್ಟೇನಾ?" ಎಂದೆ. "ಗೆದ್ರೆ ನಾನು ಕ್ಯಾಂಪ್‌ಗೆ ಹೋಗ್ತಿದ್ದೆ. ಅದಕ್ಕಾ?"

ಕೆಳಗೆ ಯಾರೋ ಟೈರಿಗೆ ಗಾಳಿ ತುಂಬಿಸುತ್ತಿದ್ದರು. ಅವನು ಎರಡೂ ಪ್ಯಾಡನ್ನು ಎದೆಗೆ ಒತ್ತಿಕೊಂಡ.

"ಅದಕ್ಕಲ್ಲ ಅಂತ ದಿನಾ ನಂಗೆ ನಾನೇ ಹೇಳ್ಕೊತಿದ್ದೆ" ಎಂದ. "ಈಗ ಅಷ್ಟು ಗ್ಯಾರಂಟಿಯಾಗಿ ಹೇಳೋಕಾಗಲ್ಲ. ನೀನಂದ್ರೆ ನಂಗೆ ಪ್ರಾಣ. ಪಂದ್ಯದ ದಿನ ಎರಡನ್ನೂ ಹೇಳ್ಬೇಕು ಅಂತಿದ್ದೆ."

ಎಷ್ಟು ದಿನದಿಂದ ಕಾದಿದ್ದ ಮಾತು ಅದು. ಕನ್ನಡಿ ಮುಂದೆ ನಿಂತು, ಅವನು ಹಾಗೆ ಹೇಳಿದರೆ ನಾನು ಹೀಗೆ ನೋಡಬೇಕು ಅಂತೆಲ್ಲ ಅಭ್ಯಾಸ ಮಾಡಿದ್ದೆ. ಕೊನೆಗೆ ಅದು ಬಂದದ್ದು ಊದಿದ ಮೂಗಿನ ಮುಂದೆ.

"ಪ್ರಾಣ ಯಾರು ಕೇಳಿದ್ರು? ಕೈ ಹಿಂದೆ ಇಟ್ಕೊಂಡಿದ್ರೆ ಸಾಕಾಗಿತ್ತು" ಎಂದೆ.

ಅವನು ಒಂದು ಹೆಜ್ಜೆ ಮುಂದೆ ಬಂದ. "ಬರ್ಬೇಡಿ" ಎಂದೆ. ನಿಂತ.

"ನಕ್ಕರೆ ಚಂದ ಅಂದ್ರಿ. ಅದು ನಿಜಾನಾ, ಅಥವಾ ಅಲ್ಲೂ ಒಂದು ಗೇಣು ಮುಂದೆ ಬಂದಿದ್ರಾ? ನಾನು ಹೇಗೆ ತಿಳ್ಕೊಳ್ಲಿ ಹೇಳಿ. ನೀವು ಹೇಳಿದ್ರಲ್ಲಿ ಯಾವ್ದು ನಂದು, ಯಾವ್ದು ನೀವು ತಂದು ತಾಗಿಸಿದ್ದು?"

ಅವನು ಅಳುತ್ತಿದ್ದ, ಪ್ಯಾಡ್ ಹಾಕಿದ ಕೈಯಲ್ಲಿ ಕಣ್ಣು ಒರೆಸಿಕೊಳ್ಳಲು ಬರದೆ ಭುಜಕ್ಕೆ ಒರೆಸಿಕೊಂಡ. ನನಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು, ಅಷ್ಟೇ ಕೆಟ್ಟದಾಗಿ ಅವನ ಕಣ್ಣು ಒರೆಸಬೇಕು ಅನ್ನಿಸಿತು. ಎರಡೂ ಮಾಡದೆ ಮೆಟ್ಟಿಲಿಳಿದೆ.

ಬಾಕ್ಸಿಂಗ್ ಬಿಡಲಿಲ್ಲ. ಅವನಿಗಾಗಿ ಬಿಟ್ಟರೆ ಅದೂ ಅವನದೇ ಆಗುತ್ತಿತ್ತು. ದೊಡ್ಡ ಮೇಷ್ಟ್ರ ಕೈ ಕೆಳಗೆ ಮೊದಲಿನಿಂದ ಶುರು ಮಾಡಿದೆ. ಅವರು ಕುರ್ಚಿಯ ಮೇಲೆ ಕೂತು ಪ್ಯಾಡ್ ಹಿಡಿಯುತ್ತಿದ್ದರು. "ಇನ್ನೂ ಬರ್ಲಿ. ಹಿಮ್ಮಡಿ ಮಲಗಿದೆ, ಎಬ್ಬಿಸು. ಇನ್ನೂ ಬರ್ಲಿ." ಕೈ ಅರ್ಧದಲ್ಲಿ ನಿಲ್ಲುತ್ತಿತ್ತು, ಯಾರೋ ಎದುರುಗೊಳ್ಳಲು ಬರುತ್ತಾರೆ ಅಂತ ಕಾಯುತ್ತಿತ್ತು. ಯಾರೂ ಬರುವುದಿಲ್ಲ ಅಂತ ಅದಕ್ಕೆ ತಿಳಿಹೇಳಲು ತಿಂಗಳುಗಳೇ ಬೇಕಾದವು. ಒಂದು ದಿನ ತಲುಪಿತು. ಧಪ್. ಯಾರೂ ತಿರುಗಿ ನೋಡಲಿಲ್ಲ. "ಹೂಂ" ಎಂದರು ದೊಡ್ಡ ಮೇಷ್ಟ್ರು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತು ಬಂದೆ.

ಅವನು ಹಾಲ್‌ನಲ್ಲೇ ಇರುತ್ತಿದ್ದ. ಬೇರೆಯವರಿಗೆ ಕಲಿಸುತ್ತಿದ್ದ, ನೆಲ ಒರೆಸುತ್ತಿದ್ದ, ನನ್ನ ಕಡೆ ಬರುತ್ತಿರಲಿಲ್ಲ. ಬರಬೇಡಿ ಅಂದದ್ದನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದ. ಬೇರೆಯವರಿಗೆ ಪ್ಯಾಡ್ ಹಿಡಿಯುವಾಗ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ನಿಲ್ಲುತ್ತಿದ್ದ, ಆ ಹಾಲ್‌ನಲ್ಲಿ 'ಫಟ್' ಅನ್ನುವ ಸದ್ದು ಆಮೇಲೆ ಕೇಳಿಸಲಿಲ್ಲ. ನನ್ನ ಕೈಪಟ್ಟಿಗಳು ಮಾತ್ರ ದಿನವೂ ಒಗೆದು, ಬಿಗಿಯಾಗಿ ಸುತ್ತಿ ಬೆಂಚಿನ ಮೇಲೆ ಇರುತ್ತಿದ್ದವು. ಯಾರ ಕೆಲಸ ಅಂತ ಸುತ್ತಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಸಿಟ್ಟಿನಿಂದಲೇ ಬಿಚ್ಚಿ, ನನ್ನ ಕೈಗೆ ನಾನೇ ಸುತ್ತಿಕೊಳ್ಳುತ್ತಿದ್ದೆ. ಒಮ್ಮೊಮ್ಮೆ ನಿಜವಾಗಿಯೂ ಸಡಿಲ ಆಗುತ್ತಿತ್ತು.

ಮುಂದಿನ ಸೆಲೆಕ್ಷನ್‌ನಲ್ಲಿ ಅದೇ ಏಣಿ ಎದುರಿಗೆ ಬಂದಳು. ಹಳೇ ಲೆಕ್ಕದಲ್ಲೇ ನಿಂತಿದ್ದಳು, ಇವಳ ಬಲಗೈ ಇಲ್ಲಿಯವರೆಗೆ ಮಾತ್ರ ಅಂತ. ನನ್ನ ಹಿಮ್ಮಡಿ ತಿರುಗಿತು, ಸೊಂಟ ತಿರುಗಿತು, ಕೈ ಆ ಗೇಣನ್ನು ದಾಟಿ ಅವಳ ಗದ್ದ ಮುಟ್ಟಿತು. ಅವಳ ಕಣ್ಣಲ್ಲಿ ಕಂಡ ಆಶ್ಚರ್ಯ ನನಗೆ ಚೆನ್ನಾಗಿ ಗೊತ್ತಿದ್ದ ಆಶ್ಚರ್ಯ. ಆವತ್ತು ತೀರ್ಪುಗಾರರು ನನ್ನ ಕೈ ಎತ್ತಿದರು. ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕ ಅವನು ನಿಂತಿದ್ದ. ಚಪ್ಪಾಳೆ ಹೊಡೆಯಲಿಲ್ಲ, ಕಣ್ಣು ಮಾತ್ರ ಕೀಳಲಿಲ್ಲ.

ಕ್ಯಾಂಪ್‌ಗೆ ಹೊರಡುವ ದಿನ ಗ್ಲೌಸ್ ತೆಗೆದುಕೊಂಡು ಹೋಗಲು ಹಾಲ್‌ಗೆ ಬಂದೆ. ಅಕ್ಕ ಬ್ಯಾಗ್ ಹಿಡಿದು ಕೆಳಗೆ ಕಾಯುತ್ತಿದ್ದಳು. ಮೇಲೆ ಅವನು ನೆಲ ಒರೆಸುತ್ತಿದ್ದ.

"ನೆಲ ಒರೆಸೋರು ಬಿಟ್ಟು ಬೇರೆ ಯಾರಾದ್ರೂ ಇದಾರಾ?" ಎಂದೆ.

ಅವನು ತಲೆ ಎತ್ತಿದ. ನಗಬಹುದೋ ಬೇಡವೋ ಅಂತ ಅವನಿಗೆ ಗೊತ್ತಾಗಲಿಲ್ಲ. "ಇವತ್ತೇ ಹೊರಟ್ಯಾ?"

"ಹೂಂ. ಪ್ಯಾಡ್ ಹಾಕ್ಕೋ."

"ನಾನಾ?"

"ಇನ್ಯಾರು ಇದಾರೆ ಇಲ್ಲಿ?"

'ನೀನು' ವಾಪಸ್ ಬಂದದ್ದು ಅವನಿಗೆ ಕೇಳಿಸಿತು. ಪ್ಯಾಡಿನ ಪಟ್ಟಿ ಹಾಕಿಕೊಳ್ಳುವಾಗ ಬೆರಳು ತಡವರಿಸಿತು. ಗೋಡೆಯ ಹತ್ತಿರ ಹೊರಟವನನ್ನು ತಡೆದೆ. "ಗೋಡೆ ಬೇಡ. ನಡುವೆ ನಿಂತ್ಕೋ."

ಹಾಲ್‌ನ ನಡುವೆ ನಿಂತ. ನಾನು ಬಲಗೈಗೆ ಮಾತ್ರ ಗ್ಲೌಸ್ ಹಾಕಿ, ಅಳೆದು ನಿಂತೆ. ಮೊದಲು ನಿಲ್ಲುತ್ತಿದ್ದ ಜಾಗದಲ್ಲಲ್ಲ, ಅದಕ್ಕಿಂತ ಒಂದು ಗೇಣು ಹಿಂದೆ. ಅವನು ನನ್ನ ಕಾಲನ್ನು ನೋಡಿದ, ದೂರ ನೋಡಿದ. ಅವನ ಕೈಗೆ ಮುಂದೆ ಬರಬೇಕು ಅಂತ ಎಷ್ಟು ಆಸೆ ಇತ್ತು ಅನ್ನುವುದು ನನಗೆ ಕಾಣುತ್ತಿತ್ತು. ಬರಲಿಲ್ಲ.

ಹೊಡೆದೆ. ಹಿಮ್ಮಡಿ, ಸೊಂಟ, ಭುಜ. ಪೂರ್ತಿ ನಾನೇ ಹೋಗಿ ತಲುಪಿದೆ.

ಧಪ್.

ಅವನು ಬಾಯಿ ತೆರೆದ, ಮುಚ್ಚಿದ. ಸೂಪರ್ ಅನ್ನುತ್ತಾನೆ, ಪಟಾಕಿ ಅನ್ನುತ್ತಾನೆ ಅಂತ ಕಾದೆ. ಅಂದಿದ್ದರೆ ಗ್ಲೌಸ್ ತೆಗೆದುಕೊಂಡು ಹೊರಟುಬಿಡುತ್ತಿದ್ದೆ, ಮತ್ತೆ ತಿರುಗಿ ನೋಡುತ್ತಿರಲಿಲ್ಲ.

"ಮಣಿಕಟ್ಟು ಸ್ವಲ್ಪ ಬಗ್ಗುತ್ತೆ" ಎಂದ. "ಕೊನೇಲಿ. ಒಳಗಡೆಗೆ."

"ಇಲ್ಲ."

"ಬಗ್ಗುತ್ತೆ. ಹಾಗೇ ಬಿಟ್ರೆ ಕ್ಯಾಂಪಲ್ಲಿ ಉಳುಕಿಸ್ಕೊತೀಯ."

"ದೊಡ್ಡ ಮೇಷ್ಟ್ರೇ ಹೂಂ ಅಂದಿದಾರೆ."

"ಅವರ ಕಣ್ಣಿಗೆ ಪೊರೆ ಬಂದಿದೆ, ನಿಮ್ಮ ಅಂಗಡಿಗೆ ಕರ್ಕೊಂಡು ಹೋಗ್ಬೇಕು. ಬಗ್ಗುತ್ತೆ ಅಂದ್ನಲ್ಲ."

ನನಗೆ ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಅವನು ಆ ನಗುವನ್ನು ನೋಡಿದ, ಹೇಗೆ ಬಂತು ಅಂತ ಅರ್ಥವಾಗದವನ ಹಾಗೆ ನೋಡಿದ. ಅವನ ಕಣ್ರೆಪ್ಪೆ ಒದ್ದೆಯಾಗಿತ್ತು. ನಾನು ಗ್ಲೌಸ್ ಹಾಕದ ಎಡಗೈಯಲ್ಲಿ ಅವನ ಕಣ್ಣು ಒರೆಸಿದೆ. ಒರೆಸಿ, ಕೈಯನ್ನು ವಾಪಸ್ ತಂದುಕೊಂಡೆ.

"ಒಂದು ವರ್ಷ ಆದ್ಮೇಲೆ ಬರ್ತೀಯಾ?" ಎಂದ.

"ಬರ್ತೀನಿ ಅಂತ ಈಗ್ಲೇ ಹೇಳಿ ನಿನ್ನ ಖುಷಿಪಡ್ಸೋಕೆ ನಂಗೆ ಬರಲ್ಲ. ಅದು ನಿನ್ನ ಕೆಲಸ ಆಗಿತ್ತು."

ಅವನು ತಲೆಯಾಡಿಸಿದ. "ಸರಿ" ಎಂದ. "ಹೇಳ್ಬೇಡ."

ಕೆಳಗಿನಿಂದ ಅಕ್ಕ ಕೂಗಿದಳು. ಮೆಟ್ಟಿಲ ತಿರುವಿನಲ್ಲಿ ಒಮ್ಮೆ ನಿಂತು ಕಿವಿಗೊಟ್ಟೆ. ಅವನು ಹಿಂದೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ನೆಲ ಒರೆಸುವ ಸದ್ದು ಮತ್ತೆ ಶುರುವಾಯಿತು.

ಬಸ್ಸಿನಲ್ಲಿ ಕೂತ ಮೇಲೆ ಬಲಗೈ ಚಾಚಿದೆ. ಮುಂದಿನ ಸೀಟಿನ ಬೆನ್ನಿಗೆ ಮುಷ್ಟಿಯನ್ನು ಮೆಲ್ಲಗೆ ಒತ್ತಿ, ಮಣಿಕಟ್ಟನ್ನು ನೋಡಿದೆ. ಮತ್ತೆ ಒತ್ತಿ ನೋಡಿದೆ. ಅವನು ಹೇಳಿದ್ದು ನಿಜವಾಗಿತ್ತು, ಸ್ವಲ್ಪ ಬಗ್ಗುತ್ತಿತ್ತು.